ನಡೆಯುವ ಶೂ, ಕಾಲಿಗೂ ಹಿತ ಕಣ್ಣಿಗೂ ಹಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ 23 ವರ್ಷ ಪಾದರಕ್ಷೆಯ ಅಂಗಡಿ ನಡೆಸಿದವಳು ನಾನು. ಮೋಟು ಸ್ಟೂಲಿನ ಮೇಲೆ ಕುಳಿತು ಎಷ್ಟು ಜನರ ಪಾದ ಹಿಡಿದಿದ್ದೇನೋ ಲೆಕ್ಕವಿಲ್ಲ. ಅಂಗಡಿ ಬಿಟ್ಟ ಮೇಲೂ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ನೆಂಟರ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಎದುರಾಗುತ್ತವೆ. ಎಲ್ಲರ ಆಸೆಯೂ ಒಂದೇ: ಕಾಲು ನೋಯಬಾರದು, ನೋಡುವುದಕ್ಕೂ ಚೆನ್ನಾಗಿರಬೇಕು. ಎರಡೂ ಒಟ್ಟಿಗೆ ಸಿಗುತ್ತವೆ. ಆದರೆ ಆಯ್ಕೆ ಪಾದದಿಂದ ಶುರುವಾಗಿ ಬಣ್ಣಕ್ಕೆ ಬರಬೇಕು. ನಾವು ಬಣ್ಣದಿಂದ ಶುರುಮಾಡಿ ಪಾದವನ್ನು ಅದರೊಳಗೆ ತುರುಕುತ್ತೇವೆ.

## ಕೊಳ್ಳುವ ಮೊದಲು

ದಿನಾ ಅರ್ಧ ಗಂಟೆ ನಡೆಯುವುದಕ್ಕೆ ಶೂ ಏಕೆ ಬೇಕು? ಇರುವ ಹವಾಯಿ ಚಪ್ಪಲಿ ಸಾಲದೇ?

ಅಂಗಡಿಗೆ ಹೋಗಿ ಹಾಲು ತರುವುದಕ್ಕೆ ಸಾಕು. ಅರ್ಧ ಗಂಟೆ ಬಿಡದೆ ನಡೆಯುವುದಕ್ಕೆ ಸಾಲದು. ಹವಾಯಿ ಚಪ್ಪಲಿ ಹಿಮ್ಮಡಿಯನ್ನು ಹಿಡಿದುಕೊಳ್ಳುವುದಿಲ್ಲ. ಅದು ಕಳಚಿ ಬೀಳದಂತೆ ಪ್ರತಿ ಹೆಜ್ಜೆಗೂ ಬೆರಳುಗಳು ಮುದುಡಿ ಅದನ್ನು ಹಿಡಿಯಬೇಕಾಗುತ್ತದೆ. ಅರ್ಧ ಗಂಟೆಗೆ ಸುಮಾರು 3,000 ಹೆಜ್ಜೆಯಾದರೆ ಅಷ್ಟು ಸಲವೂ ಇದೇ ಕೆಲಸ. ಸಂಜೆ ಅಂಗಾಲು, ಮೀನಖಂಡ ಜಗ್ಗಿದಂತೆ ನೋಯುವುದು ಇದರಿಂದಲೇ ಎಂದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮಣ್ಣಿನ ಹಾದಿಯಲ್ಲಿ ಚಿಕ್ಕಂದಿನಿಂದ ಬರಿಗಾಲಲ್ಲಿ ನಡೆದು ರೂಢಿಯಿದ್ದು, ನೋವೇ ಇಲ್ಲದವರ ಮಾತು ಬೇರೆ. ಡಾಂಬರು ಮತ್ತು ಕಾಂಕ್ರೀಟಿನ ಮೇಲೆ ನಡೆಯುವ ನಮ್ಮಂಥವರಿಗೆ ಹಿಮ್ಮಡಿ ಮುಚ್ಚುವ ಪಾದರಕ್ಷೆ ಬೇಕೇ ಬೇಕು.

ವಾಕಿಂಗ್ ಶೂ ಬೇರೆ, ರನ್ನಿಂಗ್ ಶೂ ಬೇರೆಯೇ?

ಬೇರೆ. ಆದರೆ ಅಂಗಡಿಯವರು ಹೇಳುವಷ್ಟು ದೂರದ ಸಂಬಂಧವಲ್ಲ. ನಡೆಯುವಾಗ ಹಿಮ್ಮಡಿ ಮೊದಲು ನೆಲ ಮುಟ್ಟಿ, ಭಾರ ಪಾದದ ಹೊರ ಅಂಚಿನಲ್ಲಿ ಉರುಳಿ ಹೆಬ್ಬೆರಳ ಬುಡಕ್ಕೆ ಬರುತ್ತದೆ. ಈ ಉರುಳುವಿಕೆಗೆ ಬೆರಳ ಬುಡದಲ್ಲಿ ಬಾಗುವ, ಹಿಮ್ಮಡಿಯಲ್ಲಿ ಗಟ್ಟಿಯಾಗಿರುವ ಶೂ ಸಾಕು. ಸಾಧಾರಣ ರನ್ನಿಂಗ್ ಶೂ ನಡೆಯುವುದಕ್ಕೂ ಚೆನ್ನಾಗಿಯೇ ಒದಗುತ್ತದೆ. ಈಚೆಗೆ ಬಂದಿರುವ ಬಹಳ ದಪ್ಪ, ಬಹಳ ಮೆತ್ತನೆಯ ಅಟ್ಟೆಯ ಶೂಗಳನ್ನು ಮಾತ್ರ ವಯಸ್ಸಾದವರಿಗೆ ನಾನು ಹೇಳುವುದಿಲ್ಲ. ಕಿತ್ತುಹೋದ ಫುಟ್‌ಪಾತಿನ ಕಲ್ಲಿನ ಮೇಲೆ ಅವು ಪಕ್ಕಕ್ಕೆ ಹೊರಳಿಬಿಡುತ್ತವೆ.

ಎಲ್ಲ ಶೂಗೂ "ಒಳ್ಳೆಯ ಸಪೋರ್ಟ್ ಇದೆ" ಎನ್ನುತ್ತಾರೆ. ನಾನೇ ಪರೀಕ್ಷೆ ಮಾಡುವುದು ಹೇಗೆ?

ಕೈಯೊಂದಿದ್ದರೆ ಸಾಕು. ಮೊದಲು ಶೂವಿನ ಹಿಂಬದಿಯನ್ನು, ಹಿಮ್ಮಡಿ ಕೂರುವ ಗೋಡೆಯನ್ನು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹಿಸುಕಿ. ಅದು ಕಾಗದದ ಲೋಟದಂತೆ ಒಳಗೆ ಕುಸಿಯಬಾರದು. ಅಲ್ಲಿ ಒಳಗೊಂದು ಗಟ್ಟಿ ಪದರ ಕೂರಿಸಿರುತ್ತಾರೆ, ಅಗ್ಗದ ಶೂಗಳಲ್ಲಿ ಮೊದಲು ಕೈಬಿಡುವುದು ಅದನ್ನೇ.

ಆಮೇಲೆ ಮೂತಿಯನ್ನೂ ಹಿಮ್ಮಡಿಯನ್ನೂ ಹಿಡಿದು ಬಾಗಿಸಿ. ನಿಮ್ಮ ಬೆರಳುಗಳು ಎಲ್ಲಿ ಮಡಿಯುತ್ತವೋ ಅಲ್ಲೇ ಶೂ ಬಾಗಬೇಕು. ನಟ್ಟನಡುವೆ, ಅಂಗಾಲಿನ ಕಮಾನಿನ ಕೆಳಗೆ ಮಡಿದುಕೊಂಡರೆ ಅಂಥದ್ದನ್ನು ವಾಪಸ್ ಕಪಾಟಿನಲ್ಲಿಡಿ. ಕೊನೆಗೆ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಸ್ವಲ್ಪ ತಿರುಗಬಹುದು, ಪೂರ್ತಿ ಸುತ್ತಿಕೊಳ್ಳಬಾರದು.

ಹೆಬ್ಬೆರಳಿನಿಂದ ಒಳಗಿನ ಮೆತ್ತೆಯನ್ನು ಒತ್ತಿ "ಆಹಾ, ಎಷ್ಟು ಮೃದು" ಎನ್ನುವುದು ಪರೀಕ್ಷೆಯಲ್ಲ. ತೀರಾ ಮೃದುವಾದ ಮೆತ್ತೆ ನಿಮ್ಮ ಭಾರಕ್ಕೆ ಒಂದೆರಡು ತಿಂಗಳಲ್ಲಿ ಚಪ್ಪಟೆಯಾಗುತ್ತದೆ.

ಎಷ್ಟು ಬೆಲೆ ಕೊಟ್ಟರೆ ಒಳ್ಳೆಯದು ಸಿಗುತ್ತದೆ?

ಬೆಲೆ ಏರಿದಷ್ಟೂ ಹಿತ ಏರುವುದಿಲ್ಲ. ಒಂದು ಹಂತದ ಮೇಲೆ ನೀವು ಕೊಡುವುದು ಹೆಸರಿಗೆ. ಒಂದು ಲೆಕ್ಕ ಮಾತ್ರ ತಿಳಿದಿರಲಿ: 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ದಿನದ ನಡಿಗೆಗೆ ಬೇಕಾದ ಗಟ್ಟಿಮುಟ್ಟಾದ ಜೋಡಿ ಆ ಗೆರೆಯ ಕೆಳಗೇ ಸಿಗುತ್ತದೆ.

## ಅಳತೆ

ನನ್ನದು 7ನೇ ನಂಬರು. ಒಂದು ಕಂಪನಿಯದು ಸರಿಹೋಗುತ್ತದೆ, ಇನ್ನೊಂದು ಕಚ್ಚುತ್ತದೆ. ಏಕೆ ಹೀಗೆ?

ನಂಬರು ಹೇಳುವುದು ಉದ್ದವನ್ನು ಮಾತ್ರ. ಶೂ ತಯಾರಾಗುವುದು ಒಂದು ಅಚ್ಚಿನ ಮೇಲೆ, ಒಂದೊಂದು ಕಂಪನಿಯ ಅಚ್ಚೂ ಒಂದೊಂದು ಆಕಾರದ್ದು. ಒಂದರ ಮೂತಿ ಚೂಪು, ಇನ್ನೊಂದರದು ಗುಂಡು, ಮತ್ತೊಂದರದು ತಗ್ಗು.

ನಾವು ಇಂದಿಗೂ ಬಳಸುತ್ತಿರುವುದು ಬ್ರಿಟಿಷರು ಬಿಟ್ಟುಹೋದ ಅಳತೆ. ಅದರಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಒಂದು ಬಾರ್ಲಿ ಕಾಳಿನ ಉದ್ದವೇ ಅದರ ಮೂಲ. ನಮ್ಮ ಪಾದಕ್ಕೆ ನಮ್ಮದೇ ಅಳತೆ ಬೇಕೆಂದು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲ ಎಂದು ಅದರಿಂದ ಕಂಡುಬಂತು. ಆ ಅಳತೆಯನ್ನು ಆಧರಿಸಿ ರೂಪಿಸಿದ ಹೊಸ ಪದ್ಧತಿಗೆ "ಭಾ" ಎಂದು ಹೆಸರಿಟ್ಟಿದ್ದಾರೆ. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ನಾನು ಕಂಡದ್ದೂ ಅದೇ: ಉದ್ದ ಸರಿಯಿದ್ದು ಕಿರುಬೆರಳ ಬಳಿ ಕೆಂಪಾದ ಪಾದಗಳು, ದಿನವೂ.

ಮನೆಯಲ್ಲೇ ಪಾದ ಅಳೆದುಕೊಳ್ಳುವುದು ಹೇಗೆ?

ಸಂಜೆ ಅಳೆಯಿರಿ. ದಿನವಿಡೀ ಓಡಾಡಿದ ಪಾದ ಬೆಳಗಿನದಕ್ಕಿಂತ ಊದಿರುತ್ತದೆ. ಗೋಡೆಗೆ ತಾಗಿಸಿ ನೆಲದ ಮೇಲೊಂದು ಹಾಳೆ ಹಾಕಿ, ಹಿಮ್ಮಡಿಯನ್ನು ಗೋಡೆಗೆ ಒತ್ತಿ ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿ. ಬಗ್ಗಿ ಗುರುತು ಹಾಕಬೇಡಿ, ಭಾರ ವಾಲುತ್ತದೆ, ಮನೆಯವರಿಂದ ಹಾಕಿಸಿ. ಉದ್ದದ ಬೆರಳಿನ ತುದಿಗೊಂದು ಗೆರೆ, ಪಾದದ ಅತಿ ಅಗಲದ ಕಡೆ ಎರಡು ಗೆರೆ. ಉದ್ದದ ಬೆರಳು ಹೆಬ್ಬೆರಳೇ ಆಗಬೇಕೆಂದಿಲ್ಲ, ಅನೇಕರಿಗೆ ಪಕ್ಕದ್ದು ಉದ್ದ. ಎರಡೂ ಪಾದ ಅಳೆದು ದೊಡ್ಡದರ ಲೆಕ್ಕ ಹಿಡಿಯಿರಿ. ಶೂ ಹಾಕಿದಾಗ ಆ ಬೆರಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು.

ನನ್ನ ಪಾದ ಅಗಲ. ಒಂದು ನಂಬರು ದೊಡ್ಡದು ತೆಗೆದುಕೊಂಡರೆ ಆಯಿತಲ್ಲವೇ?

ಆಗುವುದಿಲ್ಲ. ಉದ್ದ ಹೆಚ್ಚಿದರೆ ಶೂ ಬಾಗುವ ಜಾಗವೂ ಮುಂದೆ ಹೋಗುತ್ತದೆ, ಹಿಮ್ಮಡಿ ಒಳಗೆ ಎದ್ದುಬಿದ್ದು ಗುಳ್ಳೆಯಾಗುತ್ತದೆ. ಕೆಲವು ಕಂಪನಿಗಳು ಅಗಲಕ್ಕೆ ಬೇರೆ ಅಕ್ಷರ ಕೊಡುತ್ತವೆ. ಗಂಡಸರಿಗೆ ಡಿ ಸಾಧಾರಣ, 2ಇ ಅಗಲ, 4ಇ ಇನ್ನೂ ಅಗಲ. ಹೆಂಗಸರಿಗೆ ಬಿ ಸಾಧಾರಣ, ಡಿ ಅಗಲ. ಅಂದರೆ ಗಂಡಸರ ಸಾಧಾರಣವೇ ಹೆಂಗಸರ ಅಗಲ! ಆದ್ದರಿಂದ ಅಗಲ ಪಾದದ ಹೆಂಗಸರು ಸಂಕೋಚಪಡದೆ ಗಂಡಸರ ಸಾಲಿನಲ್ಲೂ ನೋಡಬೇಕು. ಬ್ರಿಟಿಷ್ ಅಳತೆಯಲ್ಲಿ ಇಬ್ಬರ 6ನೇ ನಂಬರೂ ಉದ್ದದಲ್ಲಿ ಹತ್ತಿರ ಹತ್ತಿರವೇ ಇರುತ್ತದೆ. ಬಿಳಿ, ಬೂದು, ಕಂದು ಬಣ್ಣದ ಸರಳ ಶೂ ಯಾರ ಸಾಲಿನದೆಂದು ನೋಡಿದವರಿಗೆ ತಿಳಿಯುವುದೂ ಇಲ್ಲ.

"ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ" ಎಂದು ಅಂಗಡಿಯವರು ಹೇಳಿದರು. ನಿಜವೇ?

ಈ ಮಾತನ್ನು ನಾನೂ ಹೇಳಿದ್ದೇನೆ. ಅಂಗಡಿ ಶುರುಮಾಡಿದ ಎರಡನೆಯ ವರ್ಷ, ನಿವೃತ್ತಿಯ ಸಮಾರಂಭಕ್ಕೆಂದು ಶಾಲೆಯ ಮೇಡಂ ಒಬ್ಬರು ಚೂಪು ಮೂತಿಯ ಕಪ್ಪು ಶೂ ಆರಿಸಿದರು. ಬಿಗಿಯಾಗಿತ್ತು. ಸಡಿಲವಾಗುತ್ತದೆ ಎಂದೆ. ಹತ್ತು ದಿನ ಬಿಟ್ಟು ಹವಾಯಿ ಚಪ್ಪಲಿಯಲ್ಲಿ ಬಂದರು, ಎರಡೂ ಹಿಮ್ಮಡಿಗೆ ಪಟ್ಟಿ ಹಾಕಿಕೊಂಡಿದ್ದರು. ಸನ್ಮಾನದ ವೇದಿಕೆ ಹತ್ತುವಾಗ ಕಾಲೆಳೆದುಕೊಂಡು ಹೋದೆ ಎಂದರು. ಅಂದಿನಿಂದ ಆ ಮಾತನ್ನು ಯಾರಿಗೂ ಹೇಳಿಲ್ಲ.

ವಿಷಯ ಇಷ್ಟು: ನಿಜವಾದ ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗುತ್ತದೆ. ಉದ್ದಕ್ಕೆ ಯಾವುದೂ ಹಿಗ್ಗುವುದಿಲ್ಲ. ರೆಕ್ಸಿನ್ ಮತ್ತಿತರ ಕೃತಕ ಚರ್ಮವಂತೂ ಹಿಗ್ಗುವ ಮೊದಲು ಬಿರಿಯುತ್ತದೆ. ಅಂಗಡಿಯೊಳಗೆ ಹತ್ತು ಹೆಜ್ಜೆ ಹಾಕಿದಾಗ ಕಚ್ಚುವ ಶೂ ಮನೆಗೆ ಬಂದ ಮೇಲೂ ಕಚ್ಚುತ್ತದೆ.

ಆನ್‌ಲೈನ್‌ನಲ್ಲಿ ತರಿಸಬಹುದೇ?

ವಾಪಸ್ ಕಳಿಸುವ ಅವಕಾಶವಿದ್ದರೆ ತರಿಸಿ. ಬಂದ ದಿನ ಸಂಜೆ, ನೀವು ಹಾಕುವ ಕಾಲುಚೀಲದ ಸಮೇತ, ಶುಚಿಯಾದ ಚಾಪೆಯ ಮೇಲೆ ಕಾಲು ಗಂಟೆ ಓಡಾಡಿ. ಮೆಟ್ಟಿಲಿದ್ದರೆ ಇಳಿದು ನೋಡಿ. ಬೆರಳು ಮುಂದಕ್ಕೆ ಹೋಗಿ ತಾಗುವುದು ಇಳಿಯುವಾಗಲೇ ಗೊತ್ತಾಗುವುದು.

## ಅಂದ

ಆರಾಮದ ಶೂಗಳೆಲ್ಲ ಆಸ್ಪತ್ರೆಯ ಶೂ ಹಾಗೆ ಕಾಣುತ್ತವೆ. ಅಂದವಾದದ್ದು ಇಲ್ಲವೇ ಇಲ್ಲವೇ?

ಇವೆ, ಕಣ್ಣು ಎಲ್ಲಿ ಹಾಯಿಸಬೇಕೆಂದು ತಿಳಿದರೆ. ಶೂ ದೊಡ್ಡದಾಗಿ, ಒಡ್ಡೊಡ್ಡಾಗಿ ಕಾಣುವುದಕ್ಕೆ ಕಾರಣ ಅದರ ಅಗಲವಲ್ಲ, ಬಣ್ಣದ ತುಂಡುಗಳು. ಮೇಲೆ ಬೂದು, ಪಕ್ಕಕ್ಕೆ ಗಿಳಿಹಸಿರು ಪಟ್ಟಿ, ಕೆಳಗೆ ಬಿಳಿಯ ದಪ್ಪ ಅಟ್ಟೆ, ಅದಕ್ಕೆ ಕಿತ್ತಳೆ ಗೆರೆ. ಅದೇ ಅಚ್ಚಿನ ಶೂ ಮೇಲಿನಿಂದ ಅಟ್ಟೆಯವರೆಗೆ ಒಂದೇ ಬಣ್ಣದಲ್ಲಿದ್ದರೆ ಕಾಲು ನೀಳವಾಗಿ ಕಾಣುತ್ತದೆ. ಹೊಲಿಗೆ ಕಡಿಮೆ, ಕಂಪನಿಯ ಗುರುತು ಸಣ್ಣದು, ಮೇಲ್ಮೈ ಮಟ್ಟಸವಾಗಿರುವುದನ್ನು ಆರಿಸಿ.

ಮೂತಿಯ ವಿಷಯ ಸ್ವಲ್ಪ ಸೂಕ್ಷ್ಮ. ಚೂಪು ಮೂತಿಯೇ ಬೇಕೆನ್ನುವವರು ಅದು ಎಲ್ಲಿಂದ ಚೂಪಾಗುತ್ತದೆ ಎಂದು ನೋಡಬೇಕು. ಬೆರಳುಗಳು ಮುಗಿದ ಮೇಲೆ ಚೂಪಾದರೆ ತೊಂದರೆಯಿಲ್ಲ. ಬೆರಳ ಬುಡದಿಂದಲೇ ಕಿರಿದಾದರೆ ಪಾದವೇ ಅದರ ಬೆಲೆ ತೆರುತ್ತದೆ. ಬಾದಾಮಿ ಆಕಾರದ ಮೂತಿ ಇವೆರಡರ ನಡುವಿನದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಂದದ್ದು. ಉಜ್ಜಿ ಹೊಳಪಿಟ್ಟ ಸಾಧಾರಣ ಶೂ ದೂಳು ಮೆತ್ತಿದ ದುಬಾರಿ ಶೂಗಿಂತ ಲಕ್ಷಣವಾಗಿರುತ್ತದೆ ಎನ್ನುವುದನ್ನೂ ಮರೆಯಬೇಡಿ.

ಸೀರೆಯ ಕೆಳಗೆ ಶೂ ಹಾಕಿದರೆ ಜನ ನಗುವುದಿಲ್ಲವೇ?

ಮೊದಲು ನನಗೂ ಅಳುಕಿತ್ತು. ಈಗ ಕಚೇರಿಗೆ, ಪಾಠಕ್ಕೆ, ಮದುವೆಗೆ ಶೂ ಹಾಕಿಕೊಂಡು ಸೀರೆಯುಡುವವರು ಎಲ್ಲೆಡೆ ಕಾಣುತ್ತಾರೆ. ಹೊಂದಿಸುವುದರಲ್ಲಿ ಕೆಲವು ಸೂಕ್ಷ್ಮಗಳಿವೆ.

ಶೂ ಹಾಕಿಕೊಂಡ ಮೇಲೆ ಸೀರೆ ಉಡಿ. ಹಿಮ್ಮಡಿ ಎತ್ತರದ ಚಪ್ಪಲಿಯ ಲೆಕ್ಕಕ್ಕೆ ನೆರಿಗೆ ಹಿಡಿದು, ಆಮೇಲೆ ತಗ್ಗಿನ ಶೂ ಹಾಕಿದರೆ ಅಂಚು ನೆಲ ಗುಡಿಸುತ್ತದೆ, ಫಾಲ್ ಹರಿಯುತ್ತದೆ, ಎಡವುವುದೂ ಉಂಟು. ವೆಲ್ಕ್ರೊ ಪಟ್ಟಿಯ ಶೂ ಸೀರೆಗೆ ಬೇಡವೇ ಬೇಡ. ಅದರ ಮುಳ್ಳು ಜರಿಯ ಎಳೆಯನ್ನು ಕಚ್ಚಿ ಎಳೆಯುತ್ತದೆ. ನನ್ನ ಅಕ್ಕನ ಮೈಸೂರು ರೇಷ್ಮೆಯ ಅಂಚಿನಲ್ಲಿ ಒಂದಂಗುಲ ಎಳೆ ಹೊರಬಂದದ್ದು ಇಂದಿಗೂ ಹಾಗೆಯೇ ಇದೆ. ಪಾದದ ಮೇಲೆ ಒಂದು ಪಟ್ಟಿ, ಪಕ್ಕದಲ್ಲಿ ಬಕಲ್ ಇರುವ ಮುಚ್ಚಿದ ಶೂ ಹತ್ತಿ ಸೀರೆಗೂ ರೇಷ್ಮೆಗೂ ಒಪ್ಪುತ್ತದೆ. ಬಣ್ಣ ಸೀರೆಯ ಒಡಲಿಗಿಂತ ಅಂಚಿಗೆ ಹೊಂದಲಿ. ಒಂದೇ ಜೋಡಿ ಕೊಳ್ಳುವುದಾದರೆ ಕಂದು ಅಥವಾ ಮಾಸಲು ಚಿನ್ನದ ಬಣ್ಣ.

ಮುಚ್ಚಿದ ಶೂ ಹಾಕಿದರೆ ಕಾಲುಂಗುರ ಒತ್ತುತ್ತದೆ. ಏನು ಮಾಡಲಿ?

ಹೂವು, ಮಣಿ, ಗೆಜ್ಜೆ ಇರುವ ಕಾಲುಂಗುರವೇ ಒತ್ತುವುದು. ಉಬ್ಬು ಪಕ್ಕದ ಬೆರಳಿಗೆ ಚುಚ್ಚಿ, ಸಂಜೆ ಬಿಚ್ಚಿದಾಗ ಅದರ ಅಚ್ಚು ಚರ್ಮದ ಮೇಲೆ ಮೂಡಿರುತ್ತದೆ. ತೆಗೆಯಲು ಮನಸ್ಸಿಲ್ಲದವರು ನಡಿಗೆಗೆಂದು ಚಪ್ಪಟೆ ಪಟ್ಟಿಯ, ಅಂಚು ನಯವಾದ ಒಂದು ಜೋಡಿ ಮಾಡಿಸಿಟ್ಟುಕೊಳ್ಳಿ. ಶೂ ಆರಿಸುವಾಗ ಮೂತಿಯ ಎತ್ತರ ನೋಡಿ, ಬೆರಳು ಮೇಲಕ್ಕೆತ್ತಿದರೆ ಚಾವಣಿ ತಾಗಬಾರದು. ಕಾಲ್ಗೆಜ್ಜೆಯನ್ನು ಕಾಲುಚೀಲದ ಮೇಲೆ ಬಿಟ್ಟರೆ ಉಜ್ಜುವುದಿಲ್ಲ.

ಕಚೇರಿಗೆ ಕಪ್ಪು ಶೂ ಕಡ್ಡಾಯ. ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯಬೇಕು. ಎರಡಕ್ಕೂ ಒಂದೇ ಜೋಡಿ ಸಾಧ್ಯವೇ?

ಸಾಧ್ಯ. ಲೇಸಿನ ಶೂಗಳಲ್ಲಿ ಎರಡು ಬಗೆ. ಆಕ್ಸ್‌ಫರ್ಡ್‌ನಲ್ಲಿ ಲೇಸಿನ ಎರಡು ಪಟ್ಟಿಗಳನ್ನು ಮುಂಭಾಗದ ಚರ್ಮದ ಅಡಿಗೆ ಸೇರಿಸಿ ಹೊಲಿದಿರುತ್ತಾರೆ. ಡರ್ಬಿಯಲ್ಲಿ ಅವು ಮೇಲೆ ಕೂತು ಪುಸ್ತಕದ ರಟ್ಟಿನಂತೆ ತೆರೆದುಕೊಳ್ಳುತ್ತವೆ. ಪಾದ ಊದಿದರೂ ಡರ್ಬಿ ಜಾಗ ಕೊಡುತ್ತದೆ, ಆದ್ದರಿಂದ ನಡೆಯುವವರಿಗೆ ಅದೇ ಸರಿ. ಅಟ್ಟೆ ರಬ್ಬರಿನದಾಗಿರಲಿ, ಒಳಗಿನ ಮೆತ್ತೆ ತೆಗೆಯಲು ಬರುವಂತಿರಲಿ. ಆಗ ಸವೆದ ಮೆತ್ತೆಯನ್ನಷ್ಟೇ ಬದಲಿಸಬಹುದು.

ಕೊಲ್ಹಾಪುರಿ ಚಪ್ಪಲಿಯಲ್ಲಿ ನಡೆಯಬಹುದೇ?

ಅದರ ಮೇಲೆ ನನಗೆ ತುಂಬಾ ಪ್ರೀತಿ. ಹೆಸರು ಕೊಲ್ಹಾಪುರಿಯಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದೆ. ಅಥಣಿ, ನಿಪ್ಪಾಣಿಯ ಕಡೆಯ ಕುಶಲಕರ್ಮಿಗಳು ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದಮಾಡಿದ ಚರ್ಮದಿಂದ ಕೈಯಲ್ಲೇ ಹೊಲಿಯುತ್ತಾರೆ. ಚರ್ಮ ದಿನಗಳೆದಂತೆ ಪಾದದ ಅಚ್ಚನ್ನು ತಾನೇ ಪಡೆಯುತ್ತದೆ. ಸಮಾರಂಭಕ್ಕೆ, ಸಂಜೆಯ ತಿರುಗಾಟಕ್ಕೆ ಹಾಕಿ. ದಿನಾ ನಾಲ್ಕು ಕಿಲೋಮೀಟರಿಗೆ, ಹಿಮ್ಮಡಿ ನೋವಿದ್ದವರಿಗೆ, ಮಳೆಗೆ ಅದು ಅಲ್ಲ. ಅಟ್ಟೆ ಚಪ್ಪಟೆ, ನೀರು ಕುಡಿದರೆ ಚರ್ಮ ಕೆಡುತ್ತದೆ.

ದೇವಸ್ಥಾನ, ನೆಂಟರ ಮನೆ ಎಂದು ಹತ್ತು ಸಲ ಬಿಚ್ಚಿ ಹಾಕಬೇಕು. ಲೇಸ್ ಕಟ್ಟುವವರು ಯಾರು?

ಲೇಸಿನ ಬದಲು ಹಿಗ್ಗುವ ಎಲಾಸ್ಟಿಕ್ ಲೇಸ್ ಹಾಕಿಸಿ, ಒಮ್ಮೆ ಕಟ್ಟಿದರೆ ಮುಗಿಯಿತು. ಕಾಲು ತೂರಿಸಿದರೆ ಸಾಕಾಗುವ ಶೂಗಳೂ ಬೇಕಾದಷ್ಟಿವೆ. ಅವಸರಕ್ಕೆ ಹಿಂಬದಿಯನ್ನು ತುಳಿದು ಚಪ್ಪಲಿಯಂತೆ ಎಳೆದುಕೊಂಡು ಹೋಗುವ ಅಭ್ಯಾಸ ಮಾತ್ರ ಬೇಡ. ಹಿಮ್ಮಡಿ ಹಿಡಿಯುವ ಗೋಡೆ ಒಮ್ಮೆ ಮುರಿದರೆ ಮತ್ತೆ ಎದ್ದು ನಿಲ್ಲುವುದಿಲ್ಲ.

## ನೋವು, ಕಾಯಿಲೆ

ಬೆಳಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ಹಿಮ್ಮಡಿಗೆ ಮೊಳೆ ಚುಚ್ಚಿದಂತಾಗುತ್ತದೆ. ಶೂ ಬದಲಿಸಿದರೆ ಹೋಗುತ್ತದೆಯೇ?

ಮೊದಲ ಕೆಲವು ಹೆಜ್ಜೆಗೆ ಚುಚ್ಚಿ, ಓಡಾಡಿದಂತೆ ಕಡಿಮೆಯಾಗುವ ನೋವು ಹೆಚ್ಚಾಗಿ ಅಂಗಾಲಿನ ಅಡಿಯ ದಪ್ಪ ನಾರು ಪಟ್ಟಿಯದು. ಗಟ್ಟಿ ಹಿಮ್ಮಡಿಯ, ಕಮಾನಿಗೆ ಆಸರೆಯಿರುವ, ಹಿಂಬದಿ ತುಸು ಎತ್ತರದ ಶೂ ಸಹಾಯ ಮಾಡುತ್ತದೆ. ಆದರೆ ಜನ ಮರೆಯುವುದು ಮನೆಯ ನೆಲವನ್ನು. ಅಡುಗೆಮನೆಯ ಗ್ರಾನೈಟಿನ ಮೇಲೆ ಎರಡು ಗಂಟೆ ಬರಿಗಾಲಲ್ಲಿ ನಿಂತರೆ ಬೆಳಗಿನ ಶೂ ಮಾಡಿದ ಉಪಕಾರವೆಲ್ಲ ನೀರಿನಲ್ಲಿ ಹೋಮ. ಮನೆಯೊಳಗೆ ಬೇರೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ, ಮೀನಖಂಡವನ್ನು ಎಳೆದು ಬಿಡುವ ವ್ಯಾಯಾಮ ಮಾಡಿ. ತಿಂಗಳೊಪ್ಪತ್ತಿನಲ್ಲಿ ಇಳಿಯದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ.

ನನ್ನದು ಚಪ್ಪಟೆ ಪಾದ. ವಿಶೇಷ ಶೂ ಬೇಕೇ?

ಒದ್ದೆ ಪಾದವನ್ನು ಗಾರೆ ನೆಲದ ಮೇಲಿಟ್ಟು ನೋಡಿ. ಒಳಬದಿಯಲ್ಲಿ ಬಾಗಿದ ಖಾಲಿ ಜಾಗ ಕಾಣದೆ ಪೂರ್ತಿ ಅಚ್ಚು ಮೂಡಿದರೆ ಕಮಾನು ತಗ್ಗು ಎಂದು ಸ್ಥೂಲವಾಗಿ ತಿಳಿಯಬಹುದು. ನೋವಿಲ್ಲದಿದ್ದರೆ ಅದು ಕಾಯಿಲೆಯಲ್ಲ. ನೋವಿದ್ದರೆ ತಿರುಚಿದಾಗ ಬಗ್ಗದ ಗಟ್ಟಿ ನಡುವಿನ ಶೂ ಮೊದಲು ಪ್ರಯತ್ನಿಸಿ, ದುಬಾರಿ ಮೆತ್ತೆ ಆಮೇಲೆ.

ಅತ್ತೆಗೆ ಸಕ್ಕರೆ ಕಾಯಿಲೆ. ಕಾಲು ಜೋಮು ಎನ್ನುತ್ತಾರೆ. ಅವರಿಗೆ ಎಂಥ ಶೂ ಕೊಡಿಸಲಿ?

ಈ ಪ್ರಶ್ನೆಗೆ ನಾನು ಯಾವತ್ತೂ ಅವಸರದ ಉತ್ತರ ಕೊಡುವುದಿಲ್ಲ. ಜೋಮು ಹಿಡಿದ ಪಾದಕ್ಕೆ ಕಚ್ಚಿದ್ದು ಗೊತ್ತಾಗುವುದಿಲ್ಲ. ಗೊತ್ತಾಗದ ಗುಳ್ಳೆ ಹುಣ್ಣಾಗುತ್ತದೆ, ಹುಣ್ಣು ಬೆರಳನ್ನೇ ಕಳೆಯುವ ಮಟ್ಟಕ್ಕೂ ಹೋಗಬಹುದು. ಆದ್ದರಿಂದ ಅಂಗಡಿಗೆ ಮೊದಲು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. ತೆಳುವಾದ ನೈಲಾನ್ ಎಳೆಯಿಂದ ಮುಟ್ಟಿ ನೋಡುವ ಆ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಮಧುಮೇಹಿಗಳ ಪಾದದ ಚಿಕಿತ್ಸೆಗೆಂದೇ ವಿಭಾಗವಿದೆ.

ಎಂಸಿಆರ್ ಚಪ್ಪಲಿ ಎಂದು ಕೇಳಿರುತ್ತೀರಿ. ಸಣ್ಣ ಗಾಳಿಗುಳ್ಳೆಗಳಿರುವ ಮೃದು ರಬ್ಬರಿನ ಹಾಸು ಮೇಲೆ, ಗಟ್ಟಿ ಅಟ್ಟೆ ಕೆಳಗೆ. ಅದರಲ್ಲೂ ಹಿಂದೆ ಪಟ್ಟಿ ಇರುವುದನ್ನೇ ಕೊಡಿಸಿ, ಬೆರಳ ಸಂದಿಗೆ ಗುಬುಟು ಬರುವುದು ಬೇಡ. ಈಗ ಇವು ಕಂದು, ಕಪ್ಪು ಚರ್ಮದ ಅಚ್ಚುಕಟ್ಟಾದ ವಿನ್ಯಾಸಗಳಲ್ಲೂ ಬರುತ್ತವೆ. ಹಾಕುವ ಮೊದಲು ಪ್ರತಿ ಸಲವೂ ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ನೋಡಬೇಕು. ಹೊಸದನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿ, ಬಿಚ್ಚಿ, ಪಾದ ಕೆಂಪಾಗಿದೆಯೇ ಎಂದು ನೋಡಿ. ಇನ್ನೊಂದು: ಮಧ್ಯಾಹ್ನದ ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸು. ಜೋಮು ಹಿಡಿದ ಅಂಗಾಲು ಅಲ್ಲಿ ಬೊಬ್ಬೆ ಬರುವಷ್ಟು ಸುಟ್ಟರೂ ತಿಳಿಯುವುದಿಲ್ಲ. ಅತ್ತೆಯವರನ್ನು ಬೆಳಗ್ಗೆ ಅಥವಾ ಸಂಜೆ ಕರೆದುಕೊಂಡು ಹೋಗಿ, ದಪ್ಪ ಕಾಲುಚೀಲ ಹಾಕಿಸಿ.

## ಬಳಸಿ ಅನುಭವವಿದ್ದವರಿಗೆ

ಲೇಸಿನ ತೂತುಗಳಲ್ಲಿ ಎಲ್ಲಕ್ಕಿಂತ ಮೇಲೆ, ತುಸು ಹಿಂದೆ ಒಂದು ಹೆಚ್ಚುವರಿ ತೂತು ಏಕಿದೆ?

ಹಿಮ್ಮಡಿ ಒಳಗೆ ಜಾರದಂತೆ ಬಿಗಿಯುವುದಕ್ಕೆ. ಅದರ ಕೆಳಗಿನ ತೂತಿನವರೆಗೆ ಎಂದಿನಂತೆ ಅಡ್ಡಡ್ಡ ಹೆಣೆಯಿರಿ. ಆಮೇಲೆ ಅಡ್ಡ ದಾಟಿಸದೆ, ಅದೇ ಬದಿಯ ಹೆಚ್ಚುವರಿ ತೂತಿಗೆ ಲೇಸನ್ನು ಹೊರಗಿನಿಂದ ಒಳಕ್ಕೆ ತೂರಿಸಿ ಒಂದು ಪುಟ್ಟ ಕುಣಿಕೆ ಉಳಿಸಿ. ಇನ್ನೊಂದು ಬದಿಗೂ ಹಾಗೆಯೇ. ಈಗ ಎಡ ತುದಿಯನ್ನು ಬಲ ಕುಣಿಕೆಯೊಳಗೆ, ಬಲ ತುದಿಯನ್ನು ಎಡ ಕುಣಿಕೆಯೊಳಗೆ ತೂರಿಸಿ ಎಳೆದು ಗಂಟು ಹಾಕಿ. ಮುಂಭಾಗ ಸಡಿಲವಾಗಿಯೇ ಇರುತ್ತದೆ, ಹಿಮ್ಮಡಿ ಮಾತ್ರ ಕಚ್ಚಿ ಕೂರುತ್ತದೆ. ಅಗಲ ಪಾದ, ಸಣ್ಣ ಹಿಮ್ಮಡಿಯವರಿಗೆ ಇದು ವರ.

ಐದು ವರ್ಷ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಶೂವಿನ ಅಟ್ಟೆ ಹಾಕಿದ ದಿನವೇ ಪುಡಿಪುಡಿಯಾಯಿತು. ಮೋಸವಲ್ಲವೇ?

ಮೋಸವಲ್ಲ, ತೇವ. ಪಾಲಿಯುರಿಥೇನ್ ಎಂಬ ವಸ್ತುವಿನ ಅಟ್ಟೆ ಗಾಳಿಯ ತೇವವನ್ನು ಹೀರಿ ನಿಧಾನವಾಗಿ ಒಳಗಿನಿಂದಲೇ ಶಿಥಿಲವಾಗುತ್ತದೆ. ಮಂಗಳೂರು, ಕಾರವಾರದ ಕಡೆಯ ಸೆಖೆಯಲ್ಲಿ ಇನ್ನೂ ಬೇಗ. ಮದುವೆಗೊಮ್ಮೆ ಹಾಕಲೆಂದು ಎತ್ತಿಟ್ಟ ಶೂಗಳಿಗೇ ಹೀಗಾಗುವುದು ಹೆಚ್ಚು. ಅಂಥ ಶೂವನ್ನು ಆಗಾಗ ಹಾಕಿ ಓಡಾಡಿ. ಮೇಲ್ಭಾಗ ಒಳ್ಳೆಯ ಚರ್ಮದ್ದಾಗಿದ್ದರೆ ಎಸೆಯಬೇಡಿ, ಚಪ್ಪಲಿ ಹೊಲಿಯುವವರ ಬಳಿ ಕೊಂಡೊಯ್ದರೆ ರಬ್ಬರಿನ ಹೊಸ ಅಟ್ಟೆ ಕೂರಿಸಿಕೊಡುತ್ತಾರೆ.

ಮೇಲೆ ಹೊಸದರಂತೆಯೇ ಇದೆ. ಬದಲಿಸುವ ಕಾಲ ಬಂತೆಂದು ತಿಳಿಯುವುದು ಹೇಗೆ?

ನಡುಪದರದ ಮೆತ್ತೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ದಿನಕ್ಕೆ ಮೂರು ಕಿಲೋಮೀಟರ್ ನಡೆಯುವವರಿಗೆ ಆರರಿಂದ ಒಂಬತ್ತು ತಿಂಗಳು. ಎರಡೂ ಶೂಗಳನ್ನು ಮೇಜಿನ ಮೇಲಿಟ್ಟು, ಕಣ್ಣಿನ ಮಟ್ಟಕ್ಕೆ ಬಗ್ಗಿ ಹಿಂದಿನಿಂದ ನೋಡಿ. ಒಂದು ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದರ ಆಯುಸ್ಸು ಮುಗಿಯಿತು.

ಮಳೆಯಲ್ಲಿ ನೆನೆದ ಶೂವನ್ನು ಒಣಗಿಸುವುದು ಹೇಗೆ?

ಬಿಸಿಲಿಗೂ ಒಲೆಯ ಬಳಿಗೂ ಇಡಬೇಡಿ. ಅಂಟು ಬಿಡುತ್ತದೆ, ಚರ್ಮ ಸೀಳುತ್ತದೆ. ಲೇಸ್ ಬಿಚ್ಚಿ, ಒಳಗಿನ ಮೆತ್ತೆ ಹೊರತೆಗೆದು ಬೇರೆಯಾಗಿ ಇಡಿ. ಹಳೆಯ ದಿನಪತ್ರಿಕೆಯನ್ನು ಉಂಡೆ ಮಾಡಿ ಮೂತಿಯವರೆಗೆ ತುಂಬಿ, ಫ್ಯಾನಿನ ಕೆಳಗೆ ಪಕ್ಕಕ್ಕೆ ವಾಲಿಸಿಡಿ. ಎರಡು ಗಂಟೆಗೊಮ್ಮೆ ಒದ್ದೆ ಕಾಗದ ತೆಗೆದು ಒಣಗಿದ್ದು ತುಂಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಪ್ರತಿ ಜೋಡಿಗೂ ಒಣಗಲು ಒಂದಿಡೀ ದಿನ ಸಿಗುತ್ತದೆ.